ಬ್ಯಾಟರಿ ತಂತಿ ಬಿಚ್ಚುವ ಮೆಸೇಜ್ ಬಗ್ಗೆ ಒಂದು ಸ್ಪಷ್ಟನೆ

"ನಿಂತಲ್ಲೇ ಎಂಜಿನ್ ನಡುಗಿದರೆ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಡಿ. ಎಂಜಿನ್ ಲೈಟ್ ಆರುತ್ತದೆ, ಆಮೇಲೆ ಸರ್ವಿಸ್‌ಗೆ ಹೋದರೆ ವಾರಂಟಿ ಸಿಗುತ್ತದೆ" ಅನ್ನೋ ಮೆಸೇಜ್ ಓಡಾಡುತ್ತಿದೆ. ಇದು ತಪ್ಪು.

ಡ್ಯಾಶ್‌ಬೋರ್ಡ್‌ನ ಆ ಎಚ್ಚರಿಕೆ ಲೈಟ್ ಆರಿದರೆ ದೋಷ ಹೋಯಿತು ಅಂತಲ್ಲ. ತುಂಬಾ ಕಾರುಗಳಲ್ಲಿ ತಂತಿ ಬಿಚ್ಚಿಟ್ಟರೆ ಕಂಪ್ಯೂಟರ್‌ನಲ್ಲಿದ್ದ ದೋಷದ ಕೋಡ್ ಅಳಿಸಿಹೋಗುತ್ತದೆ. ಉದಾಹರಣೆಗೆ ಪಿ0302 ಅಂದರೆ ಎರಡನೇ ಸಿಲಿಂಡರ್‌ನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ ಅಂತ. ಕೋಡ್ ಬಂದ ಕ್ಷಣದಲ್ಲಿ ಎಂಜಿನ್ ಎಷ್ಟು ಬಿಸಿಯಿತ್ತು, ಎಷ್ಟು ವೇಗದಲ್ಲಿ ತಿರುಗುತ್ತಿತ್ತು (ಆರ್‌ಪಿಎಂ) ಅನ್ನೋದೂ ಅದರ ಜೊತೆ ದಾಖಲಾಗಿರುತ್ತದೆ. ವಾರಂಟಿ ಕೇಳುವಾಗ ನಿಮ್ಮ ಕೈಲಿರೋ ಒಳ್ಳೆ ಸಾಕ್ಷಿಯೇ ಅದು. ಅದನ್ನ ನಾವೇ ಅಳಿಸಿ, ಆಮೇಲೆ ಸರ್ವಿಸ್‌ನವರು "ದೋಷ ಕಾಣ್ತಿಲ್ಲ" ಅಂದ್ರೆ ಏನು ಮಾಡೋದು, ಅಲ್ವಾ?

ಮೊದಲು ಕೋಡ್ ಓದುವ ಸಾಧನದಿಂದ ಸ್ಕ್ಯಾನ್ ಮಾಡಿಸಿ, ಕೋಡ್‌ನ ಫೋಟೋ ತೆಗೆದಿಡಿ. ಯಾವಾಗ ನಡುಗುತ್ತದೆ, ಬೆಳಿಗ್ಗೆ ತಣ್ಣಗಿದ್ದಾಗಲೋ ಎಸಿ ಹಾಕಿದಾಗಲೋ, ಅದನ್ನ ಜಾಬ್ ಕಾರ್ಡ್‌ನಲ್ಲಿ (ಸರ್ವಿಸ್‌ನವರು ದೂರು ಬರೆದುಕೊಳ್ಳುವ ಹಾಳೆ) ಬರೆಸಿ. ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್ ಸವೆಯುವ ಭಾಗಗಳು, ಸಾಮಾನ್ಯವಾಗಿ ವಾರಂಟಿಗೆ ಬರುವುದಿಲ್ಲ. ಪ್ಲಗ್‌ಗೆ ಕಿಡಿಯ ವಿದ್ಯುತ್ ಕೊಡುವ ಇಗ್ನಿಷನ್ ಕಾಯಿಲ್, ಇಂಧನ ಸಿಂಪಡಿಸುವ ಇಂಜೆಕ್ಟರ್ ಹೆಚ್ಚಾಗಿ ಬರುತ್ತವೆ. ನಿಮ್ಮ ವಾರಂಟಿ ಪುಸ್ತಕ ನೋಡಿ.

ಲೈಟ್ ಮಿಣುಕುತ್ತಿದ್ದರೆ ಮಾತ್ರ ಸುಮ್ನೆ ಓಡಿಸಬೇಡಿ. ಉರಿಯದ ಇಂಧನ ಸೈಲೆನ್ಸರ್ ಕಡೆ ಹೋಗಿ, ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಡಿಸುತ್ತದೆ, ಖರ್ಚೂ ಜಾಸ್ತಿ.

ಆ ಮೆಸೇಜ್ ನಿಮಗೆ ಬಂದಿದ್ದರೆ ದಯವಿಟ್ಟು ಮುಂದೆ ಕಳಿಸಬೇಡಿ.