ರಾಷ್ಟ್ರೀಯ ಕ್ರೀಡಾ ಒಕ್ಕೂಟಕ್ಕೆ ಬ್ಯಾಂಕರ್ ಅಧ್ಯಕ್ಷರಾಗಬೇಕೆ?

ಪರ: ಮೊದಲು ಲೆಕ್ಕ ಸರಿಹೋಗಲಿ

ನಮ್ಮ ಒಕ್ಕೂಟಗಳನ್ನು ಕಾಡುವ ಕೊರತೆ ಹಣದ್ದು ಎಂದೇ ಎಲ್ಲರೂ ಹೇಳುತ್ತಾರೆ. ಬಂದ ಹಣಕ್ಕೆ ಲೆಕ್ಕ ಕೊಡಲಾಗದೆ ಒದ್ದಾಡುವುದು ಅದಕ್ಕಿಂತ ದೊಡ್ಡ ರೋಗ. ವರ್ಷದ ತರಬೇತಿ, ಸ್ಪರ್ಧೆಗಳ ಕ್ಯಾಲೆಂಡರನ್ನು, ಅಂದರೆ ಎಸಿಟಿಸಿಯನ್ನು, ಒಕ್ಕೂಟ ಮೊದಲೇ ಸಲ್ಲಿಸಿ ಕೇಂದ್ರದ ಒಪ್ಪಿಗೆ ಪಡೆಯಬೇಕು. ಅನುದಾನ ಖರ್ಚಾದ ಮೇಲೆ 12-ಎ ನಮೂನೆಯಲ್ಲಿ ಹಣಬಳಕೆ ಪ್ರಮಾಣಪತ್ರ ಹೋಗಬೇಕು. ಹಿಂದಿನದು ಬಾಕಿ ಉಳಿದರೆ ಮುಂದಿನ ಕಂತಿಗೆ ತಡೆ ಬೀಳುತ್ತದೆ. ಆಗ ವೀಸಾ ಅರ್ಜಿ ತಡವಾಗುತ್ತದೆ, ವಿಮಾನದ ಟಿಕೆಟ್ಟನ್ನು ಕೊನೇ ವಾರದಲ್ಲಿ ದುಬಾರಿ ದರಕ್ಕೆ ಕೊಳ್ಳಬೇಕಾಗುತ್ತದೆ, ಪ್ರವೇಶ ಶುಲ್ಕದ ಗಡುವೂ ಮೀರಬಹುದು. ಇದರ ಬೇರು ಹುಡುಕುತ್ತ ಹೋದರೆ ಅನೇಕ ಸಲ ಸಿಗುವುದು ಒಂದು ಹಳೇ ಮುಂಗಡ.

ಶಿಬಿರಕ್ಕೆಂದು ತರಬೇತುದಾರರು 2 ಲಕ್ಷ ರೂಪಾಯಿ ಒಯ್ದರು ಎನ್ನಿ. ಊಟ, ವಸತಿ, ಫಿಸಿಯೋ ಖರ್ಚಿಗೆ ರಸೀದಿ ಬಂದದ್ದು 1.40 ಲಕ್ಷಕ್ಕೆ. ಉಳಿದ 60 ಸಾವಿರ ಪುಸ್ತಕದಲ್ಲಿ ಮುಂಗಡವಾಗಿಯೇ ಕೂರುತ್ತದೆ. ಆರು ತಿಂಗಳು ಕಳೆದರೆ ಹೋಟೆಲಿನಿಂದ ನಕಲು ಬಿಲ್ ತರುವುದೂ ಕಷ್ಟ. ಲೆಕ್ಕಪರಿಶೋಧಕರು ಹಣಬಳಕೆ ಪ್ರಮಾಣಪತ್ರಕ್ಕೆ ಸಹಿ ಹಾಕುವುದಿಲ್ಲ. ಬ್ಯಾಂಕಿನಲ್ಲಿ ಬೆಳೆದವರಿಗೆ ಇದರ ಮದ್ದು ಗೊತ್ತು. ಸಾಲದ ಕಂತು 90 ದಿನಕ್ಕಿಂತ ಹೆಚ್ಚು ಬಾಕಿಯಾದರೆ ಅದು ಎನ್‌ಪಿಎ, ಅಂದರೆ ಕೆಟ್ಟ ಸಾಲ. ಅದೇ ಕಣ್ಣಿನಿಂದ ಮುಂಗಡಗಳನ್ನೂ ವಿಂಗಡಿಸಬೇಕು: 30 ದಿನ ದಾಟಿದರೆ ಫೋನು, 60 ದಾಟಿದರೆ ಪತ್ರ, 90 ದಾಟಿದರೆ ಹೊಸ ಮುಂಗಡ ಬಂದ್. ಕೂಟ ನಡೆಸುವ ರಾಜ್ಯ ಸಂಸ್ಥೆಗೂ ಇದೇ ನಿಯಮ. ವೋಚರ್ ಬರೆದವರೇ ಅದನ್ನು ಮಂಜೂರು ಮಾಡುವಂತಿಲ್ಲ. ತಿಂಗಳ ಕೊನೆಗೆ ನಗದು ಪುಸ್ತಕವನ್ನು ಬ್ಯಾಂಕ್ ಸ್ಟೇಟ್‌ಮೆಂಟಿನೊಂದಿಗೆ ತಾಳೆ ನೋಡಲೇಬೇಕು. ಅಧ್ಯಕ್ಷರೇ ಕೇಳುತ್ತಾರೆಂದು ಗೊತ್ತಾದರೆ ರಸೀದಿಗಳು ತಾವಾಗಿ ಬರುತ್ತವೆ.

ಬ್ಯಾಂಕಿನವರಿಗೆ ಆಟ ಗೊತ್ತಿಲ್ಲ ಎಂಬ ಮಾತು ಸವಕಲು. ಸ್ಟೇಟ್ ಬ್ಯಾಂಕ್ ಅಧಿಕಾರಿ ಅಜಿತ್ ವಾಡೇಕರ್ 1990ರ ದಶಕದಲ್ಲಿ ಭಾರತ ಕ್ರಿಕೆಟ್ ತಂಡದ ಮ್ಯಾನೇಜರ್ ಆದರು, ಆಮೇಲೆ ಆಯ್ಕೆ ಸಮಿತಿಯ ಅಧ್ಯಕ್ಷರೂ ಆದರು. ನಮ್ಮ ಗುಂಡಪ್ಪ ವಿಶ್ವನಾಥ್ ಕೂಡ ಸ್ಟೇಟ್ ಬ್ಯಾಂಕಿನವರೇ.

ವಿರೋಧ: ಖಜಾಂಚಿಯ ಕೆಲಸಕ್ಕೆ ಅಧ್ಯಕ್ಷರೇಕೆ?

ಲೆಕ್ಕ ಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಮುಂಗಡ ವಸೂಲಿಗೆ ಖಜಾಂಚಿ ಇದ್ದಾರೆ. ವೋಚರ್ ಅಚ್ಚುಕಟ್ಟಾದ ಮಾತ್ರಕ್ಕೆ ಪದಕ ಬರುವುದಿಲ್ಲ.

ವಾಡೇಕರ್ ಉದಾಹರಣೆ ಇಲ್ಲಿ ಸಲ್ಲದು. 1971ರಲ್ಲಿ ವೆಸ್ಟ್ ಇಂಡೀಸ್, ಇಂಗ್ಲೆಂಡ್ ಎರಡೂ ಕಡೆ ಸರಣಿ ಗೆದ್ದ ನಾಯಕ ಅವರು; ಆಟಗಾರರು ಕಿವಿಗೊಟ್ಟದ್ದು ಆ ನಾಯಕನಿಗೆ. ಹಣಕಾಸು ಕ್ಷೇತ್ರದಿಂದಲೇ ಬಂದವರನ್ನು ನೋಡಬೇಕೆಂದರೆ ವಿಕ್ರಂ ಲಿಮಯೆ ಇದ್ದಾರೆ. 2017ರ ಜನವರಿ 30ರಂದು ಸುಪ್ರೀಂ ಕೋರ್ಟ್ ಬಿಸಿಸಿಐಗೆ ನೇಮಿಸಿದ ಆಡಳಿತಗಾರರ ಸಮಿತಿಯಲ್ಲಿ ವಿನೋದ್ ರಾಯ್, ರಾಮಚಂದ್ರ ಗುಹಾ, ಡಯಾನಾ ಎಡುಲ್ಜಿ ಅವರ ಜೊತೆ ಲಿಮಯೆ ಅವರೂ ಇದ್ದರು. ಅದೇ ವರ್ಷ ರಾಷ್ಟ್ರೀಯ ಷೇರುಪೇಟೆಯ ಮುಖ್ಯಸ್ಥರಾಗಿ ಹೊರಟರು. ಸಮಿತಿಯ ಕೆಲಸ ಅವರಿಲ್ಲದೆಯೇ 2019ರ ಅಕ್ಟೋಬರ್‌ವರೆಗೆ ನಡೆಯಿತು.

ಸಾಲ ಕೊಡುವವರು ಹಿಂದಿನ ದಾಖಲೆ ನೋಡುತ್ತಾರೆ, ಅಡಮಾನ ಕೇಳುತ್ತಾರೆ. 16ರ ಹುಡುಗಿಗೆ ತೋರಿಸಲು ಒಂದೆರಡು ರಾಜ್ಯಮಟ್ಟದ ಫಲಿತಾಂಶ ಬಿಟ್ಟರೆ ಏನಿರುತ್ತದೆ? ಮಂಡಿಯ ಎಸಿಎಲ್ ಎಂಬ ಅಸ್ಥಿರಜ್ಜು ಹರಿದು 9 ತಿಂಗಳು ಹೊರಗುಳಿದ ಆಟಗಾರ್ತಿಯ ಮೇಲೆ ಹಾಕಿದ ಹಣ ಆ ವರ್ಷ ಫಲ ಕೊಡುವುದಿಲ್ಲ. ಹಾಗೆಂದು ಆಗಲೇ ಕೈಬಿಟ್ಟರೆ ಅವಳ ಆಟ ಮುಗಿದಂತೆ. ಯಾರನ್ನು ಕಾಯಬೇಕು, ಎಷ್ಟು ಕಾಯಬೇಕು ಎಂದು ಹೇಳಲು ಅಂಕಣದಲ್ಲಿ ಬೆವರಿಳಿಸಿದವರೇ ಬೇಕು. ಕಾರ್ಯಕಾರಿ ಸಮಿತಿಯಲ್ಲಿ ಕನಿಷ್ಠ ಇಬ್ಬರು ಶ್ರೇಷ್ಠ ಕ್ರೀಡಾಪಟುಗಳು ಇರಲೇಬೇಕೆಂದು 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಹೇಳಿರುವುದು ಇದಕ್ಕೇ.

ಇನ್ನು ಚುನಾವಣೆ. ಅಧ್ಯಕ್ಷರ ಗೆಲುವು ರಾಜ್ಯ ಸಂಸ್ಥೆಗಳ ಮತದಲ್ಲಿದೆ. ಬ್ಯಾಂಕಿನಿಂದ ನೇರವಾಗಿ ಬಂದವರಿಗೆ ತಮ್ಮದೆನ್ನುವ ಒಂದು ರಾಜ್ಯ ಸಂಸ್ಥೆಯೂ ಇರುವುದಿಲ್ಲ. 90 ದಿನ ದಾಟಿತೆಂದು ಯಾವ ಸಂಸ್ಥೆಯ ಮುಂಗಡ ನಿಲ್ಲಿಸಿದರೋ, ಮುಂದಿನ ಅವಧಿಗೆ ಅದೇ ಸಂಸ್ಥೆಯ ಬಾಗಿಲಿಗೆ ಮತ ಕೇಳಲು ಹೋಗಬೇಕು.