12 ಎಂಬಿಗೆ ಗತಿಯಿಲ್ಲದ ಲ್ಯಾಪ್‌ಟಾಪ್

ಹಳೇ ಆಟ ಹೊಸ ಕಂಪ್ಯೂಟರಿನಲ್ಲಿ ಓಡಲಿಲ್ಲ ಅಂದರೆ ಕಂಪ್ಯೂಟರಿನ ಶಕ್ತಿ ಸಾಲದು ಅಂತ ತಿಳಿಯಬೇಡಿ. ಶಕ್ತಿ ಜಾಸ್ತಿಯಾಗಿರುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿ 16 ಜಿಬಿ ರ‍್ಯಾಮ್ ಇದೆ. ಬರೀ ಚಿತ್ರ ತೋರಿಸುವುದಕ್ಕೇ ಬೇರೆ 6 ಜಿಬಿ ಇದೆ. ಇನ್ನೂ ಮುಗಿಯದ ಇಎಂಐ ಇದೆ. ಇಂಥದ್ದರಲ್ಲಿ 'ಜಿಟಿಎ ವೈಸ್ ಸಿಟಿ' ಅನ್ನುವ ಹಳೇ ಕಾರು-ಬಂದೂಕಿನ ಆಟ ಹಾಕಿದರೆ ತೆರೆಯ ಮೇಲೆ ಬಂದ ಮೊದಲ ಮಾತು ಏನು ಗೊತ್ತಾ? ಈ ಆಟಕ್ಕೆ ಕಡೇಪಕ್ಷ 12 ಎಂಬಿ ವೀಡಿಯೋ ಮೆಮೊರಿ ಬೇಕು, ನಿಮ್ಮಲ್ಲಿ ಅಷ್ಟಿಲ್ಲ.

ಅಕ್ಕನ ಮಗ ಪಕ್ಕದಲ್ಲೇ ಕೂತಿದ್ದ. ಎಂಟನೇ ಕ್ಲಾಸು. ಬೇಸಿಗೆ ರಜೆಗೆ ಸಿರುಗುಪ್ಪದಿಂದ ನಮ್ಮ ಬಳ್ಳಾರಿ ಬಿಸಿಲಿಗೆ ಬಂದಿದ್ದಾನೆ, ಪಾಪ. "ಮಾವ, ನಿಮಗೆ ಯಾರೋ ಟೋಪಿ ಹಾಕಿದ್ದಾರೆ" ಅಂದ. ನಾಲ್ಕು ದಿನದಿಂದ ಅವನ ಹೊಸ ಆಟಗಳ ವರ್ಣನೆ ಕೇಳಿ ಕೇಳಿ ಸಾಕಾಗಿ, ಇದರ ಮೂಲಪುರುಷನನ್ನೇ ತೋರಿಸುತ್ತೇನೆ ಬಾ ಅಂತ ಕೂರಿಸಿದ್ದೆ. ಮೂಲಪುರುಷ ಬಾಗಿಲಲ್ಲೇ ನಿಂತು ನನ್ನ ಆಸ್ತಿ ವಿಚಾರಿಸುತ್ತಿದ್ದಾನೆ.

ನಿಜ ಹೇಳಬೇಕೆಂದರೆ ಮೂಲಪುರುಷ ಇವನಲ್ಲ, ಇವನ ಅಣ್ಣ. ಜಿಟಿಎ ಮೊದಲೆರಡು ಭಾಗಗಳಲ್ಲಿ ಊರನ್ನು ಮಾಳಿಗೆ ಮೇಲಿಂದ ಬಗ್ಗಿ ನೋಡಬೇಕಿತ್ತು. ತಲೆ, ಕಾರಿನ ಟಾಪು, ಅಷ್ಟೇ ಕಾಣುತ್ತಿದ್ದದ್ದು. 2001ರ ಅಕ್ಟೋಬರಿನಲ್ಲಿ, ಟಿವಿಗೆ ಜೋಡಿಸಿ ಆಡುವ ಪ್ಲೇಸ್ಟೇಷನ್ 2ಕ್ಕೆ ಮೂರನೇ ಭಾಗ ಬಂತು ನೋಡಿ, ಆಟಗಾರ ರಸ್ತೆಗೆ ಇಳಿದ. ಮೂರು ಆಯಾಮದ ಇಡೀ ಊರು. ಕಥೆ ಬೇಕಾದರೆ ಕಥೆ, ಬೇಡವಾದರೆ ಸುಮ್ನೆ ಸುತ್ತಾಟ. ಅದರ ನಾಯಕ ಮಾತ್ರ ಬಾಯೇ ಬಿಡುವುದಿಲ್ಲ. ಮರುವರ್ಷ ಬಂದ ವೈಸ್ ಸಿಟಿಯಲ್ಲಿ ನಾಯಕ ಟಾಮಿ ವರ್ಸೆಟ್ಟಿಗೆ ಹಾಲಿವುಡ್ ನಟ ರೇ ಲಿಯೋಟಾ ದನಿ ಕೊಟ್ಟರು. ಮೂರನೇ ಭಾಗದಲ್ಲಿ ಇಲ್ಲದಿದ್ದ ಬೈಕು ಬಂತು. ಮಯಾಮಿಯನ್ನು ಹೋಲುವ ಊರು, 1986ನೇ ಇಸವಿ, ಎಲ್ಲೆಲ್ಲೂ ಗುಲಾಬಿ ಬಣ್ಣ. 2003ರ ಮೇ ತಿಂಗಳಲ್ಲಿ ಕಂಪ್ಯೂಟರಿಗೂ ಬಂತು. ಅಲ್ಲಿಂದ ಬಳ್ಳಾರಿಯ ಸೈಬರ್ ಕೆಫೆಗಳಿಗೆ ಯಾವ ದಾರಿಯಲ್ಲಿ ಬಂತು ಅನ್ನುವುದನ್ನು ಇಲ್ಲಿ ಬರೆಯುವುದು ಬೇಡ. ಕೆಫೆ ಕಂಪ್ಯೂಟರುಗಳಲ್ಲಿ ಆಟ ಇತ್ತು. ಸಿಡಿ ಮಾತ್ರ ಯಾರ ಕೈಯಲ್ಲೂ ಕಂಡಿದ್ದಿಲ್ಲ.

ನಮಗೆ ಸಮುದ್ರ ಅಂತ ಸಿಕ್ಕಿದ್ದೇ ಅಲ್ಲಿ. ಬಳ್ಳಾರಿ ಹುಡುಗರಿಗೆ ಗೊತ್ತಿದ್ದ ದೊಡ್ಡ ನೀರು ಅಂದರೆ ತುಂಗಭದ್ರೆಯ ಎಚ್‌ಎಲ್‌ಸಿ ಕಾಲುವೆ. ಆಟದ ಬೀಚ್ ರಸ್ತೆಗೆ ನಾವು ಕಪ್ಪಗಲ್ ರೋಡ್ ಅಂತಲೇ ಹೆಸರಿಟ್ಟಿದ್ದೆವು. "ಕಪ್ಪಗಲ್ ರೋಡಿನಾಗ ಬಿಳೀ ಕಾರ್ ನಿಂತತಿ ನೋಡಲೇ" ಅಂದರೆ ಕೆಫೆಯಲ್ಲಿ ಎಲ್ಲರಿಗೂ ಅರ್ಥವಾಗುತ್ತಿತ್ತು. ಸಮುದ್ರಕ್ಕೆ ಇಳಿದರೆ ಟಾಮಿ ಸತ್ತೇಹೋಗುತ್ತಾನೆ ಅಂತ ಗೊತ್ತಾದಾಗ ಮಾತ್ರ ಅವನ ಮೇಲಿನ ಗೌರವ ಅರ್ಧ ಇಳಿಯಿತು. ಬಂದೂಕು ಹಿಡಿದು ಊರನ್ನೇ ನಡುಗಿಸುವ ಆಸಾಮಿಗೆ ಈಜು ಬರುವುದಿಲ್ಲ! ನಮ್ಮ ಕಾಲುವೆ ಪಡ್ಡೆಗಳಿಗೆ ಇದನ್ನು ನಂಬುವುದೇ ಕಷ್ಟವಾಗಿತ್ತು.

ಈಗ ಸಿಡಿ ವಿಷಯ. ನೌಕರಿ ಸಿಕ್ಕ ಹೊಸತರಲ್ಲಿ, ಕೆಫೆ ಕಾಲದ ಪಾಪ ಕಳೆಯಲಿ ಅಂತ ಅಸಲಿ ಆಟವನ್ನೇ ದುಡ್ಡು ಕೊಟ್ಟು ತಂದಿದ್ದೆ. ಒಂದು ಸಿಡಿ ಇನ್‌ಸ್ಟಾಲ್ ಮಾಡಲು, ಇನ್ನೊಂದು ಆಡಲು. ಅದನ್ನು ಬೀರುವಿನಿಂದ ತೆಗೆದಾಗಲೇ ಗೊತ್ತಾಗಿದ್ದು, ಲ್ಯಾಪ್‌ಟಾಪಿನಲ್ಲಿ ಸಿಡಿ ತೂರಿಸುವ ಜಾಗವೇ ಇಲ್ಲ. ಅಕ್ಕನ ಮಗ ಅದರ ನಾಲ್ಕೂ ಬದಿ ತಿರುಗಿಸಿ ಹುಡುಕಿದ. ಸಿಡಿಯನ್ನು ಕೈಯಲ್ಲಿ ಹಿಡಿದು ತನ್ನ ಮುಖ ನೋಡಿಕೊಂಡ.

ಸಂಜೆ ರಾಯಲ್ ಸರ್ಕಲ್ ಹತ್ತಿರದ ಒಂದು ಕಂಪ್ಯೂಟರ್ ಅಂಗಡಿಗೆ ಹೋದೆವು. ಈಗ ಅದು ಗಡಿಗಿ ಚನ್ನಪ್ಪ ವೃತ್ತ. ಆದರೆ ಆಟೋದವರಿಗೆ ಹಾಗೆ ಹೇಳಿದರೆ ಒಂದು ಕ್ಷಣ ಯೋಚನೆ ಮಾಡುತ್ತಾರೆ. ಹೊರಗಿನಿಂದ ಜೋಡಿಸುವ ಸಿಡಿ ಡ್ರೈವ್ ಇದೆಯಾ ಅಂತ ಕೇಳಿದೆ. ಅಂಗಡಿಯವರು ನನ್ನನ್ನು ಕನಿಕರದಿಂದ ನೋಡಿ, "ಮದುವಿ ಕ್ಯಾಸೆಟ್ ಏನ್ರಿ ಸರ್?" ಅಂದರು. ಅವರ ಪ್ರಕಾರ ಈಗ ಸಿಡಿ ಹಿಡಿದು ಬರುವವರು ಎರಡೇ ಥರ. ಹಳೇ ಮದುವೆ ವೀಡಿಯೋದವರು, ಇಲ್ಲಾ ಎಂಆರ್‌ಐ ಸ್ಕ್ಯಾನಿನವರು. ನಾನು ಮೂರನೇ ಥರದವನು ಅಂತ ಹೇಳಲು ನಾಚಿಕೆಯಾಗಿ, "ಹೂಂ, ಮದುವೆದೇ" ಅಂದೆ. "ಲಗೂನ ಪೆನ್‌ಡ್ರೈವಿಗೆ ಹಾಕ್ಕೋರಿ ಸರ್, ಫಂಗಸ್ ಹಿಡಿದ್ರ ಹೆಣ್ಣಿನ ಕಡೆಯವರು ಯಾರೂ ಕಾಣಂಗಿಲ್ಲ" ಅಂತ ಬುದ್ಧಿ ಹೇಳಿ ಡ್ರೈವ್ ಕೊಟ್ಟರು.

ಫಂಗಸ್ ಹಿಡಿದೇ ಇತ್ತು. ಡ್ರೈವ್ ಗರಗರ ಅಂದು, ಮುಕ್ಕಾಲು ಪಾಲು ಓದಿ, ಅಲ್ಲೇ ಧರಣಿ ಕೂತಿತು. ಆಗ ಅಕ್ಕನ ಮಗ, ಆನ್‌ಲೈನಿನಲ್ಲಿ ಆಟ ಮಾರುವ ಸ್ಟೀಮ್ ಅಂಗಡಿಯ ನನ್ನ ಹಳೇ ಖಾತೆ ತೆರೆಸಿ, ಅದರಲ್ಲಿ ಕೆಳಗೆ ಕೆಳಗೆ ಸರಿಸುತ್ತಾ ಹೋದ. ಯಾವುದೋ ರಿಯಾಯಿತಿಯಲ್ಲಿ ಕೊಂಡು ಮರೆತ ವೈಸ್ ಸಿಟಿ ಅಲ್ಲೇ ತಣ್ಣಗೆ ಮಲಗಿತ್ತು. 2021ರಲ್ಲಿ ಹೊಸ ರೂಪ ಬರುವ ಹೊತ್ತಿಗೆ ಹಳೆಯದನ್ನು ಆನ್‌ಲೈನ್ ಅಂಗಡಿಗಳಿಂದ ಎತ್ತಿಬಿಟ್ಟರು. ಮುಂಚೆ ಕೊಂಡವರ ಖಾತೆಯಲ್ಲಿ ಅದು ಈಗಲೂ ಇರುತ್ತದೆ. ಆ ಹೊಸ ರೂಪವನ್ನೇ ಆಡಬಹುದಲ್ಲ ಅಂದ ಹುಡುಗ. ಅದು ಬಿಡುಗಡೆಯಾದಾಗ ಮುಖಗಳು ವಿಚಿತ್ರವಾಗಿದ್ದವು. ಮಳೆ ಬಂದರೆ ರಸ್ತೆ ಕಾಣುತ್ತಿರಲಿಲ್ಲ. ಕಂಪನಿಯೇ ಕ್ಷಮೆ ಕೇಳಿತು. ಆಮೇಲೆ ಸುಧಾರಿಸಿದರು, ಇರಲಿ. ನನಗೆ ಬೇಕಾದದ್ದು ಸುಧಾರಿಸದ ಟಾಮಿ.

ಸರಿ, ಡೌನ್‌ಲೋಡ್ ಆಯಿತು. ಒತ್ತಿದರೆ ಆ 12 ಎಂಬಿ ಅವಮಾನ.

ಹಳೇ ಪ್ರೋಗ್ರಾಂಗಳಲ್ಲಿ ಇದು ಮಾಮೂಲು ಕಾಯಿಲೆಯಂತೆ. ಆ ಕಾಲದ ಲೆಕ್ಕದ ಡಬ್ಬಿಯಲ್ಲಿ ಸುಮಾರು 2 ಜಿಬಿಯವರೆಗಿನ ಸಂಖ್ಯೆ ಮಾತ್ರ ಹಿಡಿಸುತ್ತದೆ. ಅದಕ್ಕಿಂತ ದೊಡ್ಡದು ಬಂದರೆ ಸಂಖ್ಯೆ ಉಲ್ಟಾ ಹೊಡೆದು ಮೈನಸ್ಸಿಗೆ ಹೋಗುತ್ತದೆ. ಎರಡು ಕೇಜಿ ತೂಗುವ ತಕ್ಕಡಿ ಇಟ್ಟುಕೊಂಡ ಕಿರಾಣಿ ಅಂಗಡಿಯವರ ಮುಂದೆ ಲಾರಿ ಜೋಳ ಸುರಿದರೆ, "ನೀನೇ ನನಗ ಕೊಡಬೇಕು" ಅಂದ ಹಾಗೆ. ಈ ಆಟ ಕೇಳಿದ್ದಾದರೂ ಏನು? 800 ಮೆಗಾಹರ್ಟ್ಸಿನ ಪೆಂಟಿಯಂ 3, 128 ಎಂಬಿ ರ‍್ಯಾಮ್, 32 ಎಂಬಿಯ ಗ್ರಾಫಿಕ್ಸ್ ಕಾರ್ಡು, ಡಿಸ್ಕಿನಲ್ಲಿ 915 ಎಂಬಿ ಜಾಗ. ಈಗ ಮದುವೆಗೆ ಹೋಗಿಬಂದವರು ಕಳಿಸುವ ವೀಡಿಯೋಗಳೇ ಅದಕ್ಕಿಂತ ಜಾಸ್ತಿ ಇರುತ್ತವೆ.

ಮೊದಲು ನಾಟಿ ಔಷಧಿ. ವಿಂಡೋಸ್ ಎಕ್ಸ್‌ಪಿ ಥರ ನಟಿಸು ಅಂತ ಕಂಪ್ಯೂಟರಿಗೆ ಹೇಳಿದೆವು. ಸೆಟ್ಟಿಂಗ್ಸ್ ಬರೆದಿಡುವ ಒಂದು ಫೈಲನ್ನು ಅಳಿಸಿದೆವು. ಈಗ ಬೇರೆ ಮಾತು ಶುರುವಾಯಿತು: 640 ಗುಣಿಸು 480ರ ವೀಡಿಯೋ ಮೋಡ್ ಸಿಗುತ್ತಿಲ್ಲ. ಇಷ್ಟು ದೊಡ್ಡ ಪರದೆ ಇಟ್ಟುಕೊಂಡು ಆಟಕ್ಕೆ ಕಿಟಕಿಯಷ್ಟು ಜಾಗ ತೋರಿಸಲು ಆಗಲಿಲ್ಲ ನಮಗೆ. ಕೊನೆಗೆ ಕೈ ಹಿಡಿದದ್ದು ಸೈಲೆಂಟ್‌ಪ್ಯಾಚ್ ಅನ್ನುವ ಪುಟ್ಟ ಫೈಲು. ದುಡ್ಡಿಗಲ್ಲದೆ ಬರೀ ಪ್ರೀತಿಗೆ ಇಂಥದ್ದನ್ನು ಮಾಡಿ ಹಂಚುವ ಅಭಿಮಾನಿಗಳಿದ್ದಾರೆ. ಅವರಿಗೆ ದುರ್ಗಮ್ಮನ ಗುಡಿಯಲ್ಲಿ ಒಂದು ಕಾಯಿ ಒಡೆಸಬೇಕು. ಅದನ್ನು ಹಾಕಿದ ಮೇಲೆ ಮೆಮೊರಿ ಜಗಳ ನಿಂತಿತು. ಕತ್ತು ತಿರುಗಿಸಲು ಒಲ್ಲೆ ಎನ್ನುತ್ತಿದ್ದ ಮೌಸೂ ದಾರಿಗೆ ಬಂತು.

ಟಾಮಿ ಬಂದ. ಆದರೆ ಅಡ್ಡಡ್ಡ ಬಂದ. ಆಟ ಮಾಡಿದ್ದು ಹಳೇ ಚೌಕಾಕಾರದ ಟಿವಿಗಳ ಕಾಲದಲ್ಲಿ. ಅಗಲ ಪರದೆಗೆ ಎಳೆದರೆ ಎಲ್ಲರಿಗೂ ಮೈ ಬರುತ್ತದೆ. ಶೇಂಗಾ ಬಿಡಿಸುತ್ತಾ ಕೂತಿದ್ದ ಅವ್ವ ಕನ್ನಡಕ ಸರಿಮಾಡಿಕೊಂಡು ನೋಡಿದಳು. "ಇವ ಅವನೇ ಅಲ್ಲೇನೋ, ನೀ ಕಾಲೇಜಿಗೆ ಚಕ್ಕರ್ ಹೊಡೆದು ನೋಡಾಕ ಹೋಗ್ತಿದ್ದಿ? ಆಗ ಸಣ್ಣಗಿದ್ನಂತ. ಈಗ ಸೊಂಟದ ಸುತ್ತ ನಿನ್ನಂಗೇ ಆಗ್ಯಾನ ನೋಡು." ಕೂಡಲೇ ಅಗಲ ಪರದೆ ಸರಿಮಾಡುವ ಇನ್ನೊಂದು ಫೈಲು ಹುಡುಕಿ ಹಾಕಿದೆ. ಟಾಮಿ ಸಣ್ಣಗಾದ. ನನಗೆ ಅಂಥ ಫೈಲು ಸಿಕ್ಕಿಲ್ಲ.

ಹುಡುಗನ ಕೈಗೆ ಕೊಟ್ಟೆ. ಅವನು ಮೊದಲು ಮಾಡಿದ ಕೆಲಸ ಸೆಟ್ಟಿಂಗ್ಸಿಗೆ ಹೋಗಿ, ಚಿತ್ರಗಳ ವೇಗಕ್ಕೆ ಹಾಕಿದ ಕಡಿವಾಣ, ಅಂದರೆ ಫ್ರೇಮ್ ಲಿಮಿಟರ್ ತೆಗೆದದ್ದು. ಸೆಕೆಂಡಿಗೆ 30 ಚಿತ್ರ ತೋರಿಸುವ ಆಟವನ್ನು ಅವನ ತಲೆಮಾರು ಆಟ ಅಂತ ಒಪ್ಪುವುದಿಲ್ಲ. ಚಿತ್ರ ಸರಸರ ಓಡಿತು, ಲ್ಯಾಪ್‌ಟಾಪಿನ ಫ್ಯಾನು ಮೇ ತಿಂಗಳ ಬಿಸಿಲಿಗೆ ಪೈಪೋಟಿ ಕೊಟ್ಟಿತು. ಕಾರು ಗೋಡೆಗೆ ಹೋಗಿ ಮೂತಿ ತಾಗಿಸಿತು. ಇನ್ನು ರಿವರ್ಸ್ ಗೇರೇ ಬೀಳಲೊಲ್ಲದು! ಎಷ್ಟು ಒತ್ತಿದರೂ ನಿಂತಲ್ಲೇ ನಡುಗುತ್ತದೆ. ಆಟದೊಳಗಿನ ತೂಕ, ವೇಗ, ತಳ್ಳಾಟ ಎಲ್ಲದರ ಲೆಕ್ಕ ಫ್ರೇಮಿಗೆ ಕಟ್ಟಿಕೊಂಡಿದೆ. ಫ್ರೇಮು ಹುಚ್ಚೆದ್ದು ಓಡಿದರೆ ಲೆಕ್ಕವೂ ಹದ ತಪ್ಪುತ್ತದೆ. ಲಿಮಿಟರ್ ಮತ್ತೆ ಹಾಕಿದ ಮೇಲೆ ಕಾರು ಮರ್ಯಾದೆಯಿಂದ ಹಿಂದೆ ಸರಿಯಿತು. ಲಕ್ಷದ ಹತ್ತಿರದ ಯಂತ್ರ ಕೊಂಡು, ನಿಧಾನ ನಡೆ ಅಂತ ಅದರ ಕಾಲು ಕಟ್ಟಿ ಕೂರಿಸಿದಂತಾಯಿತು.

"ಮಾವ, ಹೋಗೋ ದಾರಿ ಯಾಕೆ ತೋರಿಸ್ತಿಲ್ಲ?" ಅವನ ಎರಡನೇ ದೂರು. ಈಗಿನ ಆಟಗಳಲ್ಲಿ ಹೋಗುವ ಜಾಗಕ್ಕೆ ಗೆರೆ ಎಳೆದು ತೋರಿಸುತ್ತಾರಲ್ಲ, ಅದು ಇಲ್ಲಿಲ್ಲ. ಮೂಲೆಯಲ್ಲಿ ಒಂದು ದುಂಡನೆಯ ನಕ್ಷೆ, ಅದರಲ್ಲೊಂದು ಚುಕ್ಕಿ, ಉಳಿದದ್ದು ನಿನ್ನ ಹಣೆಬರಹ. ಬೇಕೆಂದಲ್ಲಿ ಸೇವ್ ಮಾಡಲೂ ಆಗುವುದಿಲ್ಲ. ಟಾಮಿಯ ಹೋಟೆಲ್ ರೂಮಿಗೋ, ಅವನು ಕೊಂಡ ಇನ್ನೊಂದು ಮನೆಗೋ ಹೋಗಿ, ಅಲ್ಲಿ ತಿರುಗುವ ಕ್ಯಾಸೆಟ್ಟನ್ನು ಮುಟ್ಟಬೇಕು. "ಕ್ಯಾಸೆಟ್ ಅಂದ್ರೆ?" ಅಂದ. ಉತ್ತರ ಕೊಡಲಿಲ್ಲ. ನನಗೂ ವಯಸ್ಸಾಗಿದೆ ಅನ್ನುವುದನ್ನು ಎಷ್ಟು ಸಲ ಅಂತ ಒಪ್ಪಿಕೊಳ್ಳುವುದು? ಒಂದು ವಿಷಯದಲ್ಲಿ ಮಾತ್ರ ಅವನಿಗೆ ಖುಷಿಯಾಯಿತು. ಕೆಂಪು ದೀಪ ಬಿದ್ದರೆ ಆಟದ ಕಾರುಗಳು ಸಾಲಾಗಿ ನಿಲ್ಲುತ್ತವೆ. ಕೊಲೆ, ಸುಲಿಗೆ, ಬಾಂಬು ಎಲ್ಲ ಇರುವ ಊರಿನಲ್ಲಿ ನಮ್ಮ ರಾಯಲ್ ಸರ್ಕಲ್ಲಿಗಿಂತ ಶಿಸ್ತು ಜಾಸ್ತಿ.

ಸಣ್ಣ ರಿಮೋಟ್ ಹೆಲಿಕಾಪ್ಟರಿನಲ್ಲಿ ಕಟ್ಟಡದೊಳಗೆ ಬಾಂಬ್ ಇಡುವ ಮಿಷನ್ ನೆನಪಿದೆಯಾ? ಹೆಸರು ಡೆಮಾಲಿಷನ್ ಮ್ಯಾನ್. ನೆನಪಿದ್ದವರ ಕೈ ಈಗಲೂ ಬೆವರುತ್ತದೆ. ಕೆಫೆಯಲ್ಲಿ ಅದನ್ನು ದಾಟಿಸುವುದಕ್ಕೆಂದೇ ಒಬ್ಬ ಅಣ್ಣ ಇದ್ದ, ಡಿಪ್ಲೊಮಾ ಫೇಲು. ಒಂದು ಪ್ಲೇಟ್ ಮಂಡಾಳು ವಗ್ಗರಣಿ, ಎರಡು ಮಿರ್ಚಿ ಅವನ ಫೀಸು. ಎಣ್ಣೆ ಕೈಯಲ್ಲೇ ಕೀಬೋರ್ಡಿನ ಬಲಗಡೆಯ ನಂಬರ್ ಗುಂಡಿಗಳನ್ನು ಒತ್ತಿ ಹೆಲಿಕಾಪ್ಟರ್ ಹಾರಿಸುತ್ತಿದ್ದ. ಆಮೇಲೆ ಆ ಕೀಬೋರ್ಡಿನಲ್ಲಿ ಇಮೇಲ್ ಟೈಪ್ ಮಾಡಲು ಬಂದವರ ಪಾಡು ಬೇರೆ ಕಥೆ. ನನ್ನ ಲ್ಯಾಪ್‌ಟಾಪಿನಲ್ಲಿ ಆ ನಂಬರ್ ಗುಂಡಿಗಳೇ ಇಲ್ಲ, ತೆಳ್ಳಗಿರಲಿ ಅಂತ ಕತ್ತರಿಸಿದ್ದಾರೆ. ಆ ಅಣ್ಣ ಈಗ ಎಲ್ಲಿದ್ದಾನೋ ಗೊತ್ತಿಲ್ಲ. ಮಿಷನ್ ಹಾಗೇ ಉಳಿಯಿತು.

ಉಳಿಯಲಿ ಬಿಡಿ. ನಾವೆಲ್ಲಿ ಮಿಷನ್ ಆಡುತ್ತಿದ್ದೆವು? ಆಟದವರ ಇಂಗ್ಲಿಷ್ ತಿಳಿಯುತ್ತಿರಲಿಲ್ಲ, ಗಂಟೆ ಲೆಕ್ಕದ ಮೀಟರ್ ಓಡುತ್ತಿತ್ತು. ನಮ್ಮದು ಬರೀ ಕೋಡ್ ಹೊಡೆಯುವ ಆಟ. ಲಾಂಗ್‌ಬುಕ್ಕಿನ ಕೊನೇ ಹಾಳೆಯಲ್ಲಿ ಬರೆದುಕೊಂಡ ಕೋಡುಗಳು. 'ಪ್ಯಾಂಜರ್' ಅಂತ ಟೈಪ್ ಮಾಡಿದರೆ ಆಕಾಶದಿಂದ ಟ್ಯಾಂಕು. 'ಆಸ್ಪಿರಿನ್' ಅಂದರೆ ಆರೋಗ್ಯ. 'ಪ್ರೊಫೆಷನಲ್ ಟೂಲ್ಸ್' ಅಂದರೆ ಬಂದೂಕುಗಳು. ಪೊಲೀಸರು ಬೆನ್ನು ಹತ್ತಿ ತಲೆ ಮೇಲೆ ನಕ್ಷತ್ರ ಏರುತ್ತಾ ಹೋಗಿ ಆರಾದರೆ ಮಿಲಿಟರಿಯೇ ಬರುತ್ತದೆ. ಆಗ 'ಲೀವ್ ಮಿ ಅಲೋನ್' ಅಂತ ಹೊಡೆದರೆ ಎಲ್ಲ ಶಾಂತ. ಫಾರ್ಮುಲಾ ಮರೆತವರಿದ್ದರು. ಇದನ್ನು ಮರೆತವರು ಯಾರೂ ಇರಲಿಲ್ಲ.

ಅವತ್ತು ಭಾನುವಾರ. ಹುಡುಗನಿಗೆ ನಮ್ಮ ಕಾಲದ ವಿದ್ಯೆ ತೋರಿಸಲು ಬೇಕಂತಲೇ ಆರು ನಕ್ಷತ್ರ ಏರಿಸಿಕೊಂಡೆ. ಸುತ್ತ ಮಿಲಿಟರಿ. ಹುಡುಗ ಉತ್ಸಾಹದಲ್ಲಿ ಮೊಬೈಲಿನಲ್ಲಿ ಫೋಟೋ ತೆಗೆಯಲು ಬಾಗಿದವನು, ಮೊಣಕೈಯಲ್ಲಿ ಕೀಬೋರ್ಡಿನ ಯಾವುದೋ ಗುಂಡಿ ಒತ್ತಿದ. ಪರದೆ ಕಪ್ಪಾಯಿತು. ಈ ಆಟ ಕೆಫೆಯಲ್ಲೂ ಹೀಗೆ ಆಗಾಗ ಕಣ್ಣು ಮುಚ್ಚುತ್ತಿತ್ತು, ನಾವು ನಿಲ್ಲಿಸುತ್ತಿರಲಿಲ್ಲ. ಬೆರಳಿಗೆ ಅಭ್ಯಾಸವಿದೆ. ಕತ್ತಲಲ್ಲೇ ಲೀವ್ ಮಿ ಅಲೋನ್ ಹೊಡೆದೆ. ಪಕ್ಕದ ಕಾರು ಹತ್ತಬೇಕಲ್ಲ, ಎಂಟರ್ ಒತ್ತಿದೆ.

ಪರದೆ ಮರಳಿ ಬಂದಾಗ ಆಟ ಕೆಳಗೆ ಇಳಿದು ಕೂತಿತ್ತು. ಮೇಲಿದ್ದದ್ದು ವಾಟ್ಸಾಪ್. ನಮ್ಮ ಸ್ಪಾಂಜ್ ಐರನ್ ಫ್ಯಾಕ್ಟರಿಯ ಆಫೀಸ್ ಗ್ರೂಪು. ಸೋಮವಾರ ಬೆಳಿಗ್ಗೆ 10ರೊಳಗೆ ಸ್ಟಾಕ್ ರಿಪೋರ್ಟ್ ಬೇಕು ಅಂತ ಮ್ಯಾನೇಜರ್ ಸಾಹೇಬರ ಮೆಸೇಜು. ಅದರ ಕೆಳಗೆ, ನನ್ನ ಹೆಸರಿನಲ್ಲಿ, ಒಂದಕ್ಕೊಂದು ಅಂಟಿಕೊಂಡ ಹನ್ನೆರಡು ಇಂಗ್ಲಿಷ್ ಅಕ್ಷರ. ಆಗಲೇ ನೀಲಿ ಟಿಕ್ಕು ಬಿದ್ದಿತ್ತು.

ಅಳಿಸಬೇಕು ಅನ್ನುವಷ್ಟರಲ್ಲಿ ಸಾಹೇಬರು ಟೈಪ್ ಮಾಡುತ್ತಿದ್ದಾರೆ ಅಂತ ಬಂತು. ನಿಂತಿತು. ಮತ್ತೆ ಬಂತು. ಹುಡುಗ ಮೆಲ್ಲಗೆ ಅಡುಗೆಮನೆ ಕಡೆ ಸರಿದ.

"ರಜೆ ದಿನ ತೊಂದರೆ ಕೊಟ್ಟೆ, ಕ್ಷಮಿಸಿ. ಬುಧವಾರ ಕೊಟ್ಟರೂ ನಡೆಯುತ್ತದೆ" ಅಂತ ಬರೆದರು.

ಕೋಡ್ ಕೆಲಸ ಮಾಡಿತು! ಇನ್ನೂ ಆ ಬೆರಗಿನಲ್ಲೇ ಇರುವಾಗ, ನನ್ನದೇ ವಯಸ್ಸಿನ ಡಿಸ್ಪ್ಯಾಚ್ ಸೆಕ್ಷನ್ನಿನವರು 'ಆಸ್ಪಿರಿನ್' ಅಂತ ಹಾಕಿದರು. ಎಚ್‌ಆರ್ ಮೇಡಂ ಗಾಬರಿಯಾಗಿ, "ಯಾರಿಗೆ ಸರ್ ತಲೆನೋವು?" ಅಂದರು. ವೇಬ್ರಿಡ್ಜ್‌ನಿಂದ 'ಪ್ಯಾಂಜರ್' ಬಂತು. ಅದಕ್ಕೆ ಡಿಸ್ಪ್ಯಾಚಿನವರು ಹೆಬ್ಬೆರಳು ಎತ್ತಿದರು. ಕೊನೆಗೆ, ಹತ್ತು ವರ್ಷದಿಂದ ಆ ಗ್ರೂಪಿನಲ್ಲಿ ಹಬ್ಬದ ಶುಭಾಶಯ ಬಿಟ್ಟರೆ ಬೇರೇನೂ ಬರೆಯದ ಅಕೌಂಟ್ಸ್ ವಿಭಾಗದವರು ದೊಡ್ಡಕ್ಷರದಲ್ಲಿ 'ಪ್ರೊಫೆಷನಲ್ ಟೂಲ್ಸ್' ಅಂತ ಬರೆದರು.

ಸಾಹೇಬರು ತಕ್ಷಣ ಉತ್ತರ ಕೊಟ್ಟರು. "ಟೂಲ್ಸ್ ಬೇಕಾದವರು ಸ್ಟೋರ್ಸ್‌ಗೆ ಇಂಡೆಂಟ್ ಹಾಕಿ. ಗ್ರೂಪಿನಲ್ಲಿ ಕೇಳಬೇಡಿ."