ಗಾಡಿ ತೊಳೆದ ಹುಡುಗನಿಗೆ ಭಕ್ಷೀಸು ಕೊಡಬೇಕಾ?

ಪರ: ಬಿಲ್ಲು ಮಾಲಕನಿಗೆ ಹೋಯಿತು, ಆ ಕೈಗೆ ಏನು?

ನಮ್ಮ ಹೊಲ ತಿಕೋಟಾ ಕಡೆ. ಮಳೆಗಾಲದಲ್ಲಿ ಒಂದು ಸಲ ಹೊಲದ ದಾರಿಗೆ ಕಾರು ಇಳಿಸಿದರೆ ಮುಗಿಯಿತು. ಎರೆ ಮಣ್ಣು ಮಡ್‌ಗಾರ್ಡಿನ ಒಳಗೆ ಹೊಕ್ಕು ಕೂರುತ್ತದೆ. ಎರಡು ದಿನ ಬಿಸಿಲು ಬಿದ್ದರೆ ಇಟ್ಟಿಗೆಯಷ್ಟು ಗಟ್ಟಿ. ಸುಮ್ನೆ ಪೈಪು ಹಿಡಿದರೆ ಹೋಗುವಂಥದ್ದಲ್ಲ ಅದು.

ಹೋದ ಶ್ರಾವಣದಲ್ಲಿ ವಿಜಯಪುರದ ಸೋಲಾಪುರ ರಸ್ತೆಯ ಒಂದು ವಾಷಿಂಗ್ ಸೆಂಟರಿಗೆ ಗಾಡಿ ಒಯ್ದೆ. ಹುಡುಗ ಪ್ರೆಷರ್ ನೀರು ಹೊಡೆದ, ಶಾಂಪೂ ಹಾಕಿದ, ಒರೆಸಿದ. ನನ್ನ ಲೆಕ್ಕದಲ್ಲಿ ಕೆಲಸ ಮುಗಿದಿತ್ತು. ಅವನು ಮಾತ್ರ ತೊಯ್ದ ನೆಲದ ಮೇಲೆ ಗೋಣಿಚೀಲ ಹಾಸಿ ಮಲಗಿ, ಗಾಲಿಯ ಹಿಂದೆ ಕೈ ತೂರಿಸಿ, ಕಟ್ಟಿಗೆಯ ಚಕ್ಕೆಯಿಂದ ಮಣ್ಣು ಕೆರೆಯತೊಡಗಿದ.

"ಸಾಕು ಬಿಡೋ ತಮ್ಮಾ" ಅಂದೆ.

"ಒಳಗ ಮಣ್ಣ ಉಳಿದ್ರ ತಗಡ ತುಕ್ಕ ಹಿಡೀತೈತ್ರಿ ಕಾಕಾ" ಅಂದ.

ಹೊರಗೆ ಬಂದಾಗ ಅವನ ಬೆರಳ ತುದಿಗಳು ನೀರಲ್ಲಿ ನೆನೆದು ಬೆಳ್ಳಗೆ ಸುಕ್ಕುಗಟ್ಟಿದ್ದವು.

ನಾನು ಕೊಟ್ಟ ದುಡ್ಡು ಗೋಡೆಗೆ ಅಂಟಿಸಿದ್ದ ಸ್ಕ್ಯಾನರ್‌ನಿಂದ ನೇರ ಮಾಲಕನ ಖಾತೆಗೆ ಹೋಯಿತು. ಆ ಹುಡುಗನಿಗೆ ಏನಾದರೂ ಕೊಡೋಣ ಅಂದರೆ ಅವತ್ತು ಜೇಬಿನಲ್ಲಿ ಒಂದು ನೋಟೂ ಇರಲಿಲ್ಲ. ಬರಿಗೈಯಲ್ಲಿ ಬಂದುಬಿಟ್ಟೆ. ಇವತ್ತಿಗೂ ಅದು ಮನಸ್ಸಿಗೆ ಚುಚ್ಚುತ್ತದೆ. ಆಮೇಲಿಂದ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಇಪ್ಪತ್ತು, ಐವತ್ತರ ನೋಟು ಇಟ್ಟುಕೊಂಡೇ ಹೋಗುತ್ತೇನೆ.

ಪಗಾರ ಕೊಡುವುದು ಮಾಲಕನ ಕೆಲಸ, ನಮಗೇನು ಸಂಬಂಧ ಅನ್ನುವವರಿದ್ದಾರೆ. ಪಗಾರ ಅವನು ಕೊಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗಾಲಿಯ ಹಿಂದಿನ ಮಣ್ಣು ತೆಗೆ ಅಂತ ಆ ಹುಡುಗನಿಗೆ ಮಾಲಕನೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ನನ್ನ ಗಾಡಿಯ ತಗಡಿನ ಚಿಂತೆ ಅವನು ಮಾಡಿದ. ಅದಕ್ಕೆ ರೇಟು ಎಲ್ಲಿ ಬರೆದಿರುತ್ತದೆ ಹೇಳಿ?

ನಮ್ಮ ಕಡೆ ಆಯದ ಪದ್ಧತಿ ಇತ್ತು. ಬಡಿಗೇರರು, ಕಂಬಾರರು ವರ್ಷವಿಡೀ ಕುಂಟೆ, ಕೂರಿಗೆ ರಿಪೇರಿ ಮಾಡಿಕೊಡುತ್ತಿದ್ದರು. ರಾಶಿಯ ದಿನ ಕಣದಲ್ಲಿ ಅವರ ಪಾಲಿನ ಜೋಳ ಅಳೆದು ಕೊಡುತ್ತಿದ್ದರು. ಅಳತೆ ಮುಗಿದ ಮೇಲೆ ನಮ್ಮಪ್ಪ ಎರಡು ಬೊಗಸೆ ಮೇಲೆ ಸುರಿಯುತ್ತಿದ್ದ. ಯಾಕೆ ಅಂತ ಕೇಳಿದರೆ "ಅಳದದ್ದು ಅವರದು, ಇದು ನಂದು" ಅನ್ನುತ್ತಿದ್ದ. ನಾನು ಭಕ್ಷೀಸು ಕೊಡುವಾಗೆಲ್ಲ ಆ ಬೊಗಸೆಯೇ ಕಣ್ಣಮುಂದೆ ಬರುತ್ತದೆ.

ಎಷ್ಟು ಕೊಡಬೇಕು ಅಂತ ತುಂಬಾ ಜನ ಕೇಳುತ್ತಾರೆ. ಬರೀ ವಾಷಿಂಗ್ ಆದರೆ ನಾನು ಇಪ್ಪತ್ತೋ ಮೂವತ್ತೋ ಕೊಡುತ್ತೇನೆ. ಇಡೀ ದಿನ ಇಬ್ಬರು ಬಗ್ಗಿ ನಿಂತು ಸೀಟು ಶಾಂಪೂ, ಪಾಲಿಶ್ ಅಂತ ಮಾಡಿದ್ದರೆ ತಲೆಗೆ ನೂರು. ಮಾಲಕನೇ ಕೈಯಾರೆ ಮಾಡಿದ್ದರೆ ಕೊಡುವುದಿಲ್ಲ, ರೇಟು ಅವನೇ ಹಾಕಿದ್ದಲ್ವಾ. ಕೆಲಸ ಮುಗಿದ ಮೇಲೆ, ಎಲ್ಲರ ಎದುರಿಗೆ, ಕೈಗೇ ಕೊಡಬೇಕು. ಬಾನೆಟ್ ಮೇಲೆ ಇಟ್ಟು ಹೋಗುವುದು ಕೊಟ್ಟ ಹಾಗಲ್ಲ.

ಖಂಡೆ ಪೂಜೆಯ ಹಿಂದಿನ ದಿನ ಯಾವುದೇ ವಾಷಿಂಗ್ ಸೆಂಟರಿನ ಮುಂದೆ ಹೋಗಿ ನೋಡಿ. ಗಾಡಿಗಳ ಸಾಲು ರಸ್ತೆಗೆ ಬಂದಿರುತ್ತದೆ. ಹುಡುಗರು ಬೆಳಿಗ್ಗೆಯಿಂದ ರಾತ್ರಿವರೆಗೆ ನೀರಿನಲ್ಲೇ. ಮರುದಿನ ಹೂವಿನ ಹಾರ, ಕುಂಬಳಕಾಯಿ, ನಿಂಬೆಹಣ್ಣು ಅಂತ ಕೇಳಿದಷ್ಟು ದುಡ್ಡು ಬಿಚ್ಚುತ್ತೇವೆ. ಪೂಜೆಗೆ ಗಾಡಿ ತಯಾರು ಮಾಡಿದ ಕೈಗೆ ಐವತ್ತು ಕೊಡಲು ಯಾಕೆ ಅಷ್ಟು ಯೋಚನೆ?

ವಿರೋಧ: ಬೆಲೆ ಬಿಲ್ಲಿನಲ್ಲೇ ಇರಲಿ

ಆ ತೊಯ್ದ ನೆಲದ ಮೇಲೆ ನಾನೂ ಮಲಗಿದವನು. ಕಾಲೇಜು ಬಿಟ್ಟ ಮೇಲೆ ನಾಲ್ಕು ವರ್ಷ ಬೇರೆಯವರ ವಾಷಿಂಗ್ ಸೆಂಟರಿನಲ್ಲಿ ದುಡಿದೆ. ಈಗ ಅಥಣಿ ರಸ್ತೆ ಕಡೆ ನನ್ನದೇ ಸಣ್ಣ ಡಿಟೇಲಿಂಗ್ ಅಂಗಡಿ ಇದೆ, ಅಂದರೆ ಗಾಡಿಯನ್ನು ಒಳಗೂ ಹೊರಗೂ ಪೂರ್ತಿ ತೊಳೆದು ಪಾಲಿಶ್ ಮಾಡುವ ಕೆಲಸ. ಮೂವರು ಹುಡುಗರಿದ್ದಾರೆ. ಗೋಡೆಯ ಮೇಲೆ ದೊಡ್ಡದಾಗಿ ಬರೆಸಿದ್ದೇನೆ: ಭಕ್ಷೀಸು ಕೊಡಬೇಡಿ.

ಕೊಡುವವರ ಮನಸ್ಸು ಒಳ್ಳೆಯದೇ. ಆದರೆ ಅವರು ಹೋದ ಮೇಲೆ ಆ ನೋಟು ಏನು ಮಾಡುತ್ತದೆ ಅಂತ ನೋಡಿರುವುದಿಲ್ಲ. ನಮ್ಮ ಕೈ ಯಾವಾಗಲೂ ತೊಯ್ದಿರುತ್ತದೆ, ಹಿಡಿದ ನೋಟೂ ತೊಯ್ಯುತ್ತದೆ. ಅದನ್ನು ಬಿಸಿಯಾದ ಕಂಪ್ರೆಸರ್ ಮೇಲೆ ಹರವಿ, ಹಾರದ ಹಾಗೆ ಒಂದು ನಟ್ಟು ಇಟ್ಟು ಒಣಗಿಸುತ್ತಿದ್ದೆವು. ಸಂಜೆ ಅಲ್ಲೇ ಜಗಳ. ಗಿರಾಕಿಗೆ ಕೀಲಿ ಕೊಟ್ಟವನ ಕೈಗೆ ನೂರು. ಸೀಟಿನ ಸಂದಿಯಿಂದ ಮಗುವಿನ ವಾಂತಿ ಕೆರೆದು ತೆಗೆದವನಿಗೆ ಏನೂ ಇಲ್ಲ. ಗಿರಾಕಿ ಬರುವ ಹೊತ್ತಿಗೆ ಅವನು ಮುಂದಿನ ಗಾಡಿಯ ಒಳಗೆ ತಲೆ ಹಾಕಿ ಕೂತಿರುತ್ತಿದ್ದ.

ದೊಡ್ಡ ಕಾರು ಬಂದರೆ ಎಲ್ಲರೂ ಓಡುತ್ತಿದ್ದೆವು. ಬಾಡಿಗೆಗೆ ಓಡುವ ಟಂಟಂ ಆಟೋ ಬಂದರೆ ಯಾರೂ ಏಳುತ್ತಿರಲಿಲ್ಲ. ಟಂಟಂ ಅಣ್ಣನೂ ಬೋರ್ಡಿನಲ್ಲಿದ್ದ ರೇಟನ್ನೇ ಪೂರ್ತಿ ಕೊಡುತ್ತಿದ್ದ. ಅವನು ಕಾಯುವಷ್ಟು ಹೊತ್ತು ಅವನ ದುಡಿಮೆ ನಿಂತಿರುತ್ತಿತ್ತು. ಈಗ ನೆನೆಸಿಕೊಂಡರೆ ನನಗೇ ನಾಚಿಕೆಯಾಗುತ್ತದೆ.

ಒಮ್ಮೆ ಪಗಾರ ಜಾಸ್ತಿ ಮಾಡಿ ಅಂತ ಕೇಳಿದೆವು. "ಮ್ಯಾಲ ಚಹಾ-ಪಾಣಿ ಸಿಗತೈತಲ್ಲೋ, ಮತ್ಯಾಕ?" ಅಂದ ಮಾಲಕ. ಗಿರಾಕಿಗಳು ಪ್ರೀತಿಯಿಂದ ಕೊಟ್ಟದ್ದು ಕೊನೆಗೆ ಉಳಿದದ್ದು ಅವನ ಜೇಬಿನಲ್ಲಿ. ಮಳೆ ಹಿಡಿದ ವಾರ ಗಾಡಿಯೇ ಬರುವುದಿಲ್ಲ, ಆಗ ಚಹಾ-ಪಾಣಿ ಎಲ್ಲಿಂದ ಬರಬೇಕು? ಮನೆ ಬಾಡಿಗೆ ಅಂತೂ ಮಳೆ ನೋಡಿ ನಿಲ್ಲುವುದಿಲ್ಲ. ಕನಿಷ್ಠ ವೇತನದ ಕಾನೂನು 1948ರಲ್ಲೇ ಬಂತು. ಗಿರಾಕಿ ಏನಾದರೂ ಕೊಡುತ್ತಾನೆ, ಅದಕ್ಕೆ ನಾನು ಕಡಿಮೆ ಕೊಡುತ್ತೇನೆ ಅನ್ನಲು ಯಾವ ಮಾಲಕನಿಗೂ ಹಕ್ಕಿಲ್ಲ.

ಖುಷಿಗೆ ಅಂತ ಶುರುವಾದದ್ದು ರೂಢಿಯಾಗಲು ಬಹಳ ದಿನ ಬೇಕಿಲ್ಲ. ಸಿಲಿಂಡರ್ ಬಿಲ್ಲಿನಲ್ಲಿ ಮನೆಗೆ ತಲುಪಿಸುವ ಖರ್ಚೂ ಸೇರಿರುತ್ತದೆ. ಆದರೂ ನಮ್ಮ ಓಣಿಯಲ್ಲಿ ಮೇಲೆ ಮೂವತ್ತು ಕೊಡದಿದ್ದರೆ ಮುಖ ಗಂಟು. ಚಿಲ್ಲರೆ ಇಲ್ಲದ ದಿನ ನಮ್ಮವ್ವ ಪಕ್ಕದ ಮನೆಯಿಂದ ಕಡ ತಂದು ಕೊಡುತ್ತಾಳೆ. ಹೋಟೆಲುಗಳವರು ಸರ್ವಿಸ್ ಚಾರ್ಜನ್ನು ತಾವಾಗಿಯೇ ಬಿಲ್ಲಿಗೆ ಸೇರಿಸಬಾರದು ಅಂತ 2022ರ ಜುಲೈನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವೇ ಹೇಳಬೇಕಾಯಿತು. ಅದು ಕೋರ್ಟಿಗೂ ಹೋಯಿತು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಪ್ರಾಧಿಕಾರದ ಮಾತನ್ನೇ ಎತ್ತಿಹಿಡಿಯಿತು. ಅದೇ ವರ್ಷ ಮೇ ತಿಂಗಳಲ್ಲಿ ಮುಂಗಡ ಟಿಪ್ ಕೇಳುವುದರ ಬಗ್ಗೆ ಉಬರ್‌ಗೆ ನೋಟಿಸು ಹೋಯಿತು. ಗಾಡಿ ಬರುವ ಮೊದಲೇ ಟಿಪ್! ಕೆಲಸವೇ ಆಗಿಲ್ಲ, ಖುಷಿ ಎಲ್ಲಿಂದ ಬರಬೇಕು?

ನಾವು ಬಸವಣ್ಣ ಹುಟ್ಟಿದ ಜಿಲ್ಲೆಯವರು. ಆಯ್ದಕ್ಕಿ ಲಕ್ಕಮ್ಮನ ಕಥೆ ಕೇಳಿಯೇ ಬೆಳೆದವರು. ಅವಳ ಗಂಡ ಮಾರಯ್ಯನದು ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುವ ಕಾಯಕ. ಒಂದು ದಿನ ಅವನು ಜಾಸ್ತಿ ಅಕ್ಕಿ ತಂದ. ಲಕ್ಕಮ್ಮ ಅದನ್ನು ಅಲ್ಲೇ ಸುರಿದು ಬಾ ಅಂತ ವಾಪಸ್ ಕಳಿಸಿದಳು. ಈ ಕಥೆ ಹೇಳಿ ನಮ್ಮ ಹುಡುಗರಿಗೆ ಆಸೆ ಬಿಡಿ ಅಂತ ನಾನು ಬುದ್ಧಿ ಹೇಳುವುದಿಲ್ಲ. ಅವರ ಆಸೆ ಎಷ್ಟು ಸಣ್ಣದು ಅಂತ ನನಗೆ ಗೊತ್ತು. ನನಗೆ ಹಿಡಿಸುವುದು ಅವಳ ಗಟ್ಟಿತನ. ತಮ್ಮ ಕಾಯಕದ ಬೆಲೆ ಎಷ್ಟು ಅನ್ನುವುದು ಅವಳಿಗೆ ಗೊತ್ತಿತ್ತು.

ನಮ್ಮ ಕೆಲಸಕ್ಕೂ ಬೆಲೆ ಇದೆ. ತೊಳೆದರೂ ಹೋಗದ ಡಾಂಬರಿನ ಚುಕ್ಕೆ ತೆಗೆಯಲು ಕ್ಲೇ ಬಾರ್ ಬಳಸುತ್ತೇವೆ. ನಾದಿದ ಕಣಕದ ಹಾಗೆ ಮೆತ್ತಗಿರುತ್ತದೆ. ಬಾನೆಟ್ ಮೇಲೆ ಶಾಂಪೂ ಬೆರೆಸಿದ ನೀರು ಸಿಂಪಡಿಸುತ್ತಾ ಹಗುರಾಗಿ ಆಡಿಸಬೇಕು. ಕೈಜಾರಿ ನೆಲಕ್ಕೆ ಬಿದ್ದರೆ ಎತ್ತಿ ಎಸೆಯಬೇಕು, ಮತ್ತೆ ಮುಟ್ಟಬಾರದು. ಅಂಟಿಕೊಂಡ ಒಂದು ಮರಳಿನ ಕಾಳು ಸಾಕು, ಬಣ್ಣದ ಮೇಲೆ ಗೀರು ಎಳೆಯುತ್ತದೆ. ಇಷ್ಟು ಜಾಗ್ರತೆ ಬೇಕಾದ ಕೆಲಸಕ್ಕೆ ಗಿರಾಕಿಯ ಮನಸ್ಸು ಬಂದರೆ ಐವತ್ತು, ಬರದಿದ್ದರೆ ಇಲ್ಲ ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಅದಕ್ಕೇ ವಾಷಿಂಗ್ ರೇಟು ಐವತ್ತು ರೂಪಾಯಿ ಏರಿಸಿದೆ, ಅದಷ್ಟನ್ನೂ ಪಗಾರಕ್ಕೆ ಸೇರಿಸಿದೆ. ಕೆಲವು ಗಿರಾಕಿಗಳು ಬಿಟ್ಟು ಹೋದರು. ಇದ್ದವರು ಇದ್ದಾರೆ. ಮಳೆಯ ವಾರದಲ್ಲೂ ಮೂವರಿಗೂ ಪೂರ್ತಿ ಪಗಾರ ಕೊಡುತ್ತೇನೆ.

ಏನಾದರೂ ಮಾಡಲೇಬೇಕು ಅನಿಸಿದರೆ ಬಿಲ್ಲಿನಲ್ಲಿ ಚೌಕಾಸಿ ಮಾಡಬೇಡಿ. ಗಾಡಿ ಒಳಗಿನ ನಿಮ್ಮ ಸಾಮಾನು ನೀವೇ ತೆಗೆದುಕೊಳ್ಳಿ. ಹುಡುಗನ ಹೆಸರು ಕೇಳಿ ಇಟ್ಟುಕೊಳ್ಳಿ.

ಒಬ್ಬ ಗಿರಾಕಿ ನಮ್ಮ ಹುಡುಗನಿಗೆ ಇನ್ನೂರು ಕೊಡಲು ಹಟ ಹಿಡಿದಿದ್ದರು. "ಬ್ಯಾಡ್ರಿ ಸರ, ಮುಂದಿನ ಸಲ ಬಂದಾಗ ಇವನ್ನ ಕೇಳ್ರಿ" ಅಂದೆ. ತಿಂಗಳಾದ ಮೇಲೆ ಬಂದರು. ಕೀಲಿಯನ್ನು ನನಗೆ ಕೊಡಲಿಲ್ಲ. ಒಳಗೆ ನೋಡಿ ಅವನ ಹೆಸರು ಹಿಡಿದು ಕೂಗಿದರು. ಅವನು ಅಂಗಿಗೆ ಕೈ ಒರೆಸಿಕೊಳ್ಳುತ್ತಾ ಬಂದ.

"ಹಿಂದಿನ ಬಾಗಿಲಿಗೆ ಗೀರು ಬಿದ್ದೈತಿ. ಪಾಲಿಶ್ ಮಾಡಿದ್ರ ಹೋಗತೈತೇನು?"

ಅವನು ಬಗ್ಗಿ, ಗೀರಿನ ಮೇಲೆ ಅಡ್ಡಲಾಗಿ ಉಗುರು ಎಳೆದು ನೋಡಿದ. "ಉಗುರಿಗೆ ಸಿಗಾಕತ್ತೈತ್ರಿ, ಪಾಲಿಶ್‌ಗೆ ಹೋಗಂಗಿಲ್ಲ" ಅಂದ. ಅವರು ಮತ್ತೆ ನನ್ನನ್ನು ಕೇಳಲಿಲ್ಲ.